ದೊಡ್ಡ ಯಂತ್ರ ನಿಂತಿದ್ದ ದಿನ

ದುಭಾಷಿಗೆ ನಲವತ್ತೊಂದು ಭಾಷೆಗಳು ಬರುತ್ತಿದ್ದವು. ಅವುಗಳಲ್ಲಿ ಹದಿನೆಂಟನ್ನು ಅವನು ನಿದ್ದೆಯಲ್ಲೇ ಕಲಿತದ್ದು, ಮೂರನ್ನು ಜ್ವರದಲ್ಲಿ ಮಲಗಿದ್ದಾಗ, ಒಂದನ್ನು ಅಡುಗೆಮನೆಯ ಕಿಟಕಿಗೆ ಬರುವ ಕಾಗೆಯಿಂದ. ಒಮ್ಮೆ ತುಂಬಿದ ನ್ಯಾಯಾಲಯದಲ್ಲಿ, ಮಾತೇ ಬಾರದ ಮುದುಕನೊಬ್ಬನ ಮೌನವನ್ನು ಅವನು ಎರಡೂವರೆ ಗಂಟೆ ಎಲ್ಲೂ ತಡವರಿಸದೆ ಅನುವಾದಿಸಿಬಿಟ್ಟಾಗ ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಎದುರುಪಕ್ಷದ ವಕೀಲ ಅಲ್ಲೇ ವಕೀಲಿ ಬಿಟ್ಟು ಹೂವಿನ ಅಂಗಡಿ ಇಟ್ಟಿದ್ದ. ಮುದುಕ ಮಾತ್ರ, ಇದನ್ನೆಲ್ಲ ನಾನು ಯಾವಾಗ ಹೇಳಿದೆ ಎಂಬಂತೆ ದುಭಾಷಿಯ ಮುಖವನ್ನೇ ನೋಡುತ್ತ ಕೂತಿದ್ದ. ಈ ಕಥೆಯನ್ನು ಅವನು ಕಡಿಮೆಯೆಂದರೂ ಸಾವಿರ ಸಲ ಹೇಳಿದ್ದಾನೆ. ಅವನ ಹೆಂಡತಿ ಮದುವೆಯಾದ ಮೊದಲ ವರ್ಷವೇ ಅವನ ಮಾತನ್ನೆಲ್ಲ ಹತ್ತರಿಂದ ಭಾಗಿಸಿ ಕೇಳುವುದನ್ನು ಕಲಿತವಳು. ನಲವತ್ತೊಂದನ್ನು ಹತ್ತರಿಂದ ಭಾಗಿಸಿದರೆ ನಾಲ್ಕು, ಉಳಿದ ಒಂದು ಕಾಗೇದು, ಎಂದು ಅವಳು ನೆಂಟರ ಮುಂದೆ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ದುಭಾಷಿಯೇ.

ಆ ಬೆಳಿಗ್ಗೆ ಅವನಿಗೆ ನಗು ಬರಲಿಲ್ಲ. ಹೆಂಡತಿ ಮೇಜಿನ ಮೇಲೆ ಹೊದಿಕೆ ಹಾಸಿ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ತೋಳಿನ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಾಗೆಲ್ಲ ಸುಂಯ್ ಎಂದು ಆವಿ ಏಳುತ್ತಿತ್ತು. ಬಿಸಿ ಬಟ್ಟೆಯ ಆ ವಾಸನೆ ಎರಡು ವರ್ಷದಿಂದ ಅವನಿಗೆ ಆಗುತ್ತಿರಲಿಲ್ಲ. ಇಸ್ತ್ರಿ ಇಲ್ಲದ ಅಂಗಿ ತೊಟ್ಟರೇ ಗಂಡಸಿಗೆ ಗತ್ತು, ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಮುದುಡಿದ ಅಂಗಿಯವರೇ, ಎಂದು ಏನೇನೋ ಹೇಳಿ ತಪ್ಪಿಸಿಕೊಂಡಿದ್ದ. ಇವತ್ತು ತರಬೇತಿ ಕೇಂದ್ರದಲ್ಲಿ ಅವನ ಉಪನ್ಯಾಸ. ಅವಳು ಬಿಡಲಿಲ್ಲ. ಅವನು ಬನಿಯನ್ನಿನಲ್ಲೇ ಹೋಗಿ ಹೊರಬಾಗಿಲ ಹತ್ತಿರ ನಿಂತು, ರಸ್ತೆಯಲ್ಲಿ ಹೋಗುವವರನ್ನು ನೋಡುವವನಂತೆ ನಟಿಸಿದ.

"ರೀ, ಜೇಬಲ್ಲಿ ಕಾಗದ ಇತ್ತು. ತೆಗೆದಿಟ್ಟಿದ್ದೀನಿ."

"ಓದಿದೆಯಾ?"

"ನಿಮ್ಮ ಜೇಬಿನ ಕಾಗದ ಓದೋ ಚಟ ಬಿಟ್ಟು ಹದಿನೈದು ವರ್ಷ ಆಯ್ತು. ಅಂಥದ್ದೇನಿದೆ ಅದರಲ್ಲಿ?"

"ಸನ್ಮಾನ ಮಾಡ್ತೀವಿ ಅಂತ ಬರೆದಿದ್ದಾರೆ. ಮೂರು ಸಂಸ್ಥೆಯವರು ಒಟ್ಟಿಗೆ."

ಅವಳು ಹತ್ತರಿಂದ ಭಾಗಿಸಲಿಲ್ಲ. ಅಂಗಿ ಕೈಗಿತ್ತು, ಕಾಗದವನ್ನು ತಾನೇ ಜೇಬಿಗಿಟ್ಟು, ಮೇಲಿನ ಗುಂಡಿ ಹಾಕಿದಳು. ಕಾಗದ ಅವನು ಮಡಿಸಿದ್ದಂತೆ ನಾಲ್ಕು ಮಡಿಕೆಯಲ್ಲಿರಲಿಲ್ಲ, ಎರಡು ಮಡಿಕೆಯಲ್ಲಿತ್ತು. ಬಸ್ಸಿನಲ್ಲಿ ಕೂತಮೇಲೆ ಅದು ಅವನಿಗೆ ಗೊತ್ತಾಯಿತು.

ಕಾಗದ ಬಂದು ನಾಲ್ಕು ದಿನವಾಗಿತ್ತು. ಬರೆದವಳು ಆಶ್ರಯಮನೆಯ ಮೇಲ್ವಿಚಾರಕಿ. ಸೋಮವಾರ ಸಮಿತಿ ಸೇರುತ್ತದೆ. ಲಾಂಡ್ರಿ ಪ್ರಕರಣದ ಹೆಂಗಸು ನಂಬಲರ್ಹ ಸಾಕ್ಷಿಯಲ್ಲವೆಂದು ನ್ಯಾಯಾಲಯವೇ ಹೇಳಿರುವಾಗ ಅವಳಿಗೆ ರಕ್ಷಣೆ ಮುಂದುವರಿಸಲು ಕಾರಣವಿಲ್ಲ ಎನ್ನುತ್ತಿದ್ದಾರೆ. ವಾಪಸು ಕಳಿಸಿದರೆ ಅವಳು ಹೋಗಿ ಇಳಿಯಬೇಕಾದದ್ದು ಅವಳನ್ನು ಇಲ್ಲಿಗೆ ಮಾರಿದ ಏಜೆಂಟನ ಓಣಿಯಲ್ಲೇ. ಹೇಳಿಕೆ ಬರೆಸಿದ ದಿನದ ಬಗ್ಗೆ ನಿಮಗೇನಾದರೂ ನೆನಪಿದ್ದರೆ ದಯವಿಟ್ಟು ಬರೆದುಕೊಡಿ. ಅಷ್ಟೇ. ದುಭಾಷಿಗೆ ನೆನಪಿಲ್ಲದ್ದು ಯಾವುದು? ತಾಯಿಯ ಹೊಟ್ಟೆಯಲ್ಲಿದ್ದಾಗ ಹೊರಗೆ ನಡೆದ ಮಾತುಕತೆಯೂ ಅವನಿಗೆ ನೆನಪಿದೆ. ಆದರೆ ಈ ನಾಲ್ಕು ದಿನ, ಯಾರಾದರೂ ಕೇಳಿದ್ದರೆ, ಅವನಿಗೆ ಏನೂ ನೆನಪಿರಲಿಲ್ಲ. ನೆನಪಿದೆ ಎಂದು ಬರೆದುಕೊಟ್ಟರೆ ನ್ಯಾಯಾಲಯದ ದುಭಾಷಿಗಳ ಪಟ್ಟಿಯಿಂದ ಮರುದಿನವೇ ಅವನ ಹೆಸರು ಹೋಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ದುಭಾಷಿ ಬರೀ ಬಾಯಿಬಡುಕ.

ತರಬೇತಿ ಕೇಂದ್ರದ ಮೆಟ್ಟಿಲುಗಳು ಇನ್ನೂರು. ಅವನ್ನು ಒಂದೇ ಉಸಿರಿಗೆ ಹತ್ತುತ್ತೇನೆಂದು ಹೇಳಿಕೊಳ್ಳುತ್ತಿದ್ದವನು ಇವತ್ತು ನಡುವೆ ಎರಡು ಸಲ ಪಕ್ಕದ ಕಂಬಿ ಹಿಡಿದು ನಿಂತ. ಮೇಲೆ ಐನೂರು ಜನ ತುಂಬಿದ ಸಭಾಂಗಣ. ಪೊಲೀಸರು, ಸರ್ಕಾರಿ ವಕೀಲರು, ಆಸ್ಪತ್ರೆಯವರು, ಆಶ್ರಯಮನೆಯವರು. ಮನುಷ್ಯರನ್ನು ಮಾರುವವರನ್ನು ಹಿಡಿಯುವುದು ಹೇಗೆ, ಮಾರಿಹೋದವರನ್ನು ಮಾತಾಡಿಸುವುದು ಹೇಗೆ ಎಂದು ಕಲಿಯಲು ಬಂದವರು. ಮುಂದಿನ ಮೇಜಿನ ಹಿಂದೆ ಇನ್ಸ್‌ಪೆಕ್ಟರ್ ಕೂತಿದ್ದಳು. ನಿವೃತ್ತಿಗೆ ಎಂಟು ತಿಂಗಳಿತ್ತು. ಕಾಲು ಊದಿಕೊಂಡು ಬೂಟು ಕಳಚಿ ಮೇಜಿನಡಿ ತಳ್ಳಿ, ಮನೆಯ ಹವಾಯಿ ಚಪ್ಪಲಿಯಲ್ಲಿ ಪಾದ ತೂರಿಸಿಕೊಂಡಿದ್ದಳು. ಲಾಂಡ್ರಿ ಪ್ರಕರಣ ಬಿದ್ದುಹೋದಮೇಲೆ ಈ ತರಬೇತಿಯನ್ನು ಹಟ ಹಿಡಿದು ಶುರುಮಾಡಿದವಳು ಅವಳೇ. ಮೂರು ತಿಂಗಳಿಗೊಮ್ಮೆ ಇದೇ ಮೇಜು, ಇದೇ ಪ್ರಕರಣ, ಇದೇ ಮಾತು.

"ಬಂದ್ರಾ ನೂರು ನಾಲಿಗೆ? ಚಹಾ ಆದಮೇಲೆ ನಿಮ್ಮದು. ಇವತ್ತು ಕಾಗೆ ಕಥೆ ಬೇಡ, ದಮ್ಮಯ್ಯ."

"ಮೇಡಂ, ಕಾಗೆಗಳ ಸಂಘದವರೇ ಪತ್ರ ಬರೆದು ಕೇಳಿದ್ದಾರೆ."

"ಕೂತ್ಕೊಳ್ಳಿ, ಕೂತ್ಕೊಳ್ಳಿ."

ಅವನು ಕೊನೆಯ ಸಾಲಿನಲ್ಲಿ ಕೂತ. ಇನ್ಸ್‌ಪೆಕ್ಟರ್ ಎದ್ದು, ಒಂದು ಕೈ ಮೇಜಿಗೆ ಊರಿ, ಪ್ರತಿಸಲದ ಹಾಗೆ ಶುರುಮಾಡಿದಳು. ಇದು ನಾನು ಸೋತ ಕೇಸು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯೋ ಲಾಂಡ್ರಿ. ಏಳು ಹೆಂಗಸರನ್ನ ಹದಿನಾಲ್ಕು ತಿಂಗಳು ಕೂಡಿಹಾಕಿದ್ದರು. ಆರು ಜನ ಬಾಯಿ ಬಿಡಲಿಲ್ಲ, ಒಬ್ಬಳು ಬಿಟ್ಟಳು. ತನ್ನ ಕಾಗದಪತ್ರ ವಾಪಸು ಕೇಳಿದ್ದಕ್ಕೆ ಮಾಲೀಕ ಅವಳ ಮುಂಗೈಯನ್ನ ಬಿಸಿ ಇಸ್ತ್ರಿ ಪ್ರೆಸ್ಸಿನ ಕೆಳಗೆ ಇಟ್ಟಿದ್ದ. ಅವಳ ಹೇಳಿಕೆ ಓದ್ತಾರೆ, ಕೇಳಿ. ಎಲ್ಲಿ ಎಡವಿದ್ದೀವಿ ಹೇಳಿ.

ಎಳೆ ಮೀಸೆಯ ಸಬ್‌ಇನ್ಸ್‌ಪೆಕ್ಟರ್ ಒಬ್ಬ ಎದ್ದು ಓದಿದ. "ಆ ತಿಂಗಳ ಹನ್ನೆರಡನೆಯ ತಾರೀಖು ಮಂಗಳವಾರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ನಾನು ಮಾಲೀಕರ ಕೋಣೆಗೆ ಹೋಗಿ, ನನ್ನ ಗುರುತಿನ ಕಾಗದಪತ್ರಗಳನ್ನು ಮರಳಿಸುವಂತೆ ವಿನಂತಿಸಿಕೊಂಡೆನು." ದುಭಾಷಿಯ ತುಟಿಗಳು ಅವನಿಗೆ ತಿಳಿಯದೆಯೇ ಜೊತೆಗೆ ಆಡಿದವು. ವಿನಂತಿಸಿಕೊಂಡೆನು. ಎಂಥ ಪದ. ಮುಂದಿನ, ನೋವಿನಿಂದ ನನ್ನ ಕಣ್ಣುಗಳಿಗೆ ಕತ್ತಲೆ ಕವಿಯಿತು ಎಂಬ ವಾಕ್ಯ ಹೇಳಿದಾಗ, ಎರಡು ವರ್ಷದ ಹಿಂದೆ ಬರೆಯುತ್ತಿದ್ದ ಪೇದೆಯೇ ಲೇಖನಿ ನಿಲ್ಲಿಸಿ, ಚೆನ್ನಾಗಿ ಹೇಳ್ತಾಳೆ ಅಲ್ವಾ ಸಾರ್ ಎಂದಿದ್ದ. ದುಭಾಷಿಗೆ ಆಗ ತನ್ನ ಮಗಳು ಶಾಲೆಯ ವೇದಿಕೆ ಹತ್ತಿ ಬಹುಮಾನ ತಗೊಂಡಷ್ಟು ಖುಷಿಯಾಗಿತ್ತು.

"ಹೇಳಿಕೊಟ್ಟು ಬರೆಸಿದ ಹಾಗಿದೆ ಮೇಡಂ," ಎಂದ ಸಬ್‌ಇನ್ಸ್‌ಪೆಕ್ಟರ್ ಓದಿ ಮುಗಿಸಿ. "ನಮ್ಮ ಕಾಲೇಜಿನ ಪ್ರಿನ್ಸಿಪಾಲರೂ ಹೀಗೆ ಮಾತಾಡ್ತಿರಲಿಲ್ಲ."

ನಗು ಎದ್ದಿತು. ಎರಡನೇ ಸಾಲಿನಿಂದ ಆಸ್ಪತ್ರೆಯ ಡಾಕ್ಟರಮ್ಮ ನಗದೆ ಹೇಳಿದಳು: "ಸುಟ್ಟ ಕೈ ಹಿಡ್ಕೊಂಡು ಬರೋರನ್ನ ದಿನಾ ನೋಡ್ತೀನಿ. ಯಾರೂ ಮೊದಲಿಂದ ಕೊನೇವರೆಗೆ ಸಾಲಾಗಿ ಹೇಳಲ್ಲ. ಕೊನೇದು ಮೊದಲು ಬರುತ್ತೆ. ಒಂದು ಶಬ್ದ, ಒಂದು ವಾಸನೆ, ಅದನ್ನೇ ಹಿಡ್ಕೊಂಡು ಸುತ್ತುತ್ತಾ ಇರ್ತಾರೆ. ತಾರೀಖು ಅಂತೂ ಬರೋದೇ ಇಲ್ಲ."

"ತಪ್ಪು ನಂದು," ಎಂದಳು ಇನ್ಸ್‌ಪೆಕ್ಟರ್. ಇದನ್ನು ಅವಳು ಮೂರು ತಿಂಗಳಿಗೊಮ್ಮೆ ಹೇಳುತ್ತಾಳೆ, ಬಸ್ಸಿನ ನಿಲ್ದಾಣದ ಹೆಸರು ಹೇಳುವ ಕಂಡಕ್ಟರನಷ್ಟು ಸಪ್ಪೆಯಾಗಿ. "ತಾರೀಖು, ತಾರೀಖು ಅಂತ ಅವಳ ಪ್ರಾಣ ತಿಂದೆ. ಅವಳು ಹೆದರಿ ಬಾಯಿಗೆ ಬಂದದ್ದು ಹೇಳಿದಳು. ಹನ್ನೆರಡನೇ ತಾರೀಖು ಮಾಲೀಕ ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ಯಿಸಿಕೊಂಡು ಮಲಗಿದ್ದ, ಹದಿನೈದಕ್ಕೆ ಮನೆಗೆ ಬಂದ. ಕಾಗದ ತಂದು ತೋರಿಸಿದರು. ಕೋರ್ಟಲ್ಲಿ ಇವಳನ್ನ ಕೇಳಿದರೆ, ತಾರೀಖು ನಾನು ಹೇಳೇ ಇಲ್ಲ ಅಂದಳು. ಸುಳ್ಳಿ ಅಂತ ಬರೆದುಕೊಂಡರು. ಹೆದರಿಸಿದವಳು ನಾನು, ಸುಳ್ಳಿ ಆದವಳು ಅವಳು."

ಬಾಯಿಗೆ ಬಂದದ್ದು. ಯಾರ ಬಾಯಿಗೆ? ದುಭಾಷಿ ಮುಂದಿನವನ ಕುರ್ಚಿಯ ಬೆನ್ನಿನಲ್ಲಿ ಬಣ್ಣ ಎದ್ದುಹೋದ ಜಾಗವನ್ನು ಉಗುರಿನಿಂದ ಕೆರೆಯತೊಡಗಿದ. ಆ ಕೋಣೆಯಲ್ಲೂ ಇಂಥದೇ ಕುರ್ಚಿಗಳಿದ್ದವು, ಒಂದರ ಕಾಲು ಗಿಡ್ಡ. ಕುಂಟುಕುರ್ಚಿಯಲ್ಲಿ ಅವಳನ್ನು ಕೂರಿಸಿದ್ದರು. ಅವಳು ತಡವರಿಸಿದಾಗೆಲ್ಲ ಅದು ಟಕ್ ಟಕ್ ಎನ್ನುತ್ತಿತ್ತು. ಬ್ಯಾಂಡೇಜು ಸುತ್ತಿದ ಕೈಯನ್ನು ಮಗುವನ್ನು ಹಿಡಿದಂತೆ ಇನ್ನೊಂದು ಕೈಯಲ್ಲಿ ಹಿಡಿದಿದ್ದಳು. ಒಳಗೆ ಬಂದವನು ಅವಳ ಭಾಷೆಯಲ್ಲಿ ಹೆದರಬೇಡಮ್ಮಾ ಎಂದದ್ದೇ ತಡ, ಅಣ್ಣಾ ಎಂದು ಅತ್ತುಬಿಟ್ಟಳು. ಜೊತೆಗಿದ್ದ ಆರು ಜನರದು ಬೇರೆ ಭಾಷೆ; ಹದಿನಾಲ್ಕು ತಿಂಗಳಲ್ಲಿ ಅವಳು ಕೇಳಿದ ತನ್ನ ಭಾಷೆಯ ಮೊದಲ ಮಾತು ಅದು. ಆಮೇಲೆ ಅವಳು ಹೇಳಿದ್ದಕ್ಕೆ ತಲೆಬುಡವಿರಲಿಲ್ಲ. ಬೆಳ್ಳಗಿನ ಬಟ್ಟೆ, ತುಂಬ ಬೆಳ್ಳಗಿತ್ತು. ನೀಲಿ ಬಾಗಿಲು. ಇಲ್ಲ, ಬಾಗಿಲು ಆಮೇಲೆ. ದೊಡ್ಡ ಯಂತ್ರ ನಿಂತಿತ್ತು. ಇನ್ಸ್‌ಪೆಕ್ಟರ್ ಆಗ ಹದಿನೆಂಟು ಗಂಟೆ ನಿದ್ದೆಗೆಟ್ಟವಳು, ಯಾವತ್ತು ಅಂತ ಕೇಳಿ ಎಂದಳು. ಯಾವತ್ತಮ್ಮಾ? ದೊಡ್ಡ ಯಂತ್ರ ನಿಂತಿದ್ದ ದಿನ ಅಣ್ಣಾ. ತಾರೀಖು ಬೇಕು, ತಾರೀಖಿಲ್ಲದೆ ಈ ಕಾಲಂ ಮುಂದಕ್ಕೆ ಹೋಗಲ್ಲ. ತಾರೀಖು ಹೇಳಮ್ಮಾ. ಅಣ್ಣಾ, ದೊಡ್ಡ ಯಂತ್ರ ನಿಂತಿತ್ತು, ಅದಕ್ಕೇ ನನ್ನ ಕೂಗು ನನಗೇ ಕೇಳಿಸ್ತು. ಪೇದೆ ಲೇಖನಿ ಎತ್ತಿ ಕಾಯುತ್ತಿದ್ದ. ಇಷ್ಟು ಜನ ತನ್ನ ಬಾಯಿ ನೋಡುತ್ತಿರುವಾಗ ಯಂತ್ರಗಿಂತ್ರ ಎಂದು ಹೇಳುವುದು ಹೇಗೆ? ಇವಳಿಗೆ ಬುದ್ಧಿ ಸ್ವಲ್ಪ ಕಡಿಮೆ ಎಂದುಕೊಂಡುಬಿಟ್ಟರೆ? ಇನ್ಸ್‌ಪೆಕ್ಟರ್ ತಲೆಯ ಹಿಂದೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು, ತಾರೀಖಿನ ಮೇಲೆ ಜರುಗಿಸುವ ಕೆಂಪು ಪ್ಲಾಸ್ಟಿಕ್ ಚೌಕದ್ದು. ಯಾರೋ ಯಾವತ್ತೋ ಜರುಗಿಸಿ ಬಿಟ್ಟದ್ದು, ಎಷ್ಟೋ ತಿಂಗಳಿಂದ ಹನ್ನೆರಡರ ಮೇಲೇ ನಿಂತಿತ್ತು. ಚಳಿ ಶುರುವಾಗಿತ್ತೆಂದು ಅವಳು ಹೇಳಿದ್ದರಿಂದ ತಿಂಗಳನ್ನು ಅವನೇ ಲೆಕ್ಕ ಹಾಕಿದ. ಕೆಂಪು ಚೌಕದಿಂದ ತಾರೀಖು ತೆಗೆದ. ಹನ್ನೆರಡು, ಮಂಗಳವಾರ. ಆಹಾ, ವಾಕ್ಯ ಎಷ್ಟು ನೆಟ್ಟಗೆ ನಿಂತಿತು! ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ಎಂಬುದು ಕೈ ತುಂಬ ಹಾಕಿದ ಕೊಸರು.

ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಒಂಬತ್ತು ವರ್ಷದವನಾಗಿದ್ದಾಗ ಅಮ್ಮನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗುತ್ತಿದ್ದವನು ಅವನೇ. ಗಡಿಯಾಚೆಯಿಂದ ಮದುವೆಯಾಗಿ ಬಂದ ಅಮ್ಮನಿಗೆ ಇಲ್ಲಿಯ ಮಾತು ಹತ್ತಲೇ ಇಲ್ಲ; ಅಂಗಡಿಯಲ್ಲಿ, ಶಾಲೆಯಲ್ಲಿ, ನೀರಿನ ಸಾಲಿನಲ್ಲಿ ಅವಳು ಬಾಯಿ ತೆರೆದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವನು ಅವಳ ಮಾತನ್ನು ಒರೆಸಿ, ಮಡಿಸಿ, ಗರಿಗರಿ ಮಾಡಿ ಜನರ ಕೈಗೆ ಕೊಡುತ್ತಿದ್ದ. ಅವನ ಬಾಯಿಂದ ಹೊರಬಂದ ಅಮ್ಮ ಬುದ್ಧಿವಂತೆ, ಗಂಭೀರೆ. ಆವತ್ತು ಡಾಕ್ಟರ ಮುಂದೆ ಅವಳು, ಕೈ ನಂದಲ್ಲ ಅನ್ಸುತ್ತೆ ಅಂತ ಹೇಳೋ, ರಾತ್ರಿ ಯಾರದೋ ಕೈ ನನ್ನ ಪಕ್ಕ ಮಲಗಿರುತ್ತೆ, ಎಂದಳು. ಬಿಳಿ ಕೋಟಿನ ಮನುಷ್ಯನಿಗೆ ಇಂಥ ಮಾತು ಹೇಳುವುದೇ? ಎಡಗೈ ಸ್ವಲ್ಪ ನೋಯುತ್ತಂತೆ ಎಂದ ಅವನು. ನಿನ್ನ ತಾಯಿ ಎಷ್ಟು ಸ್ಪಷ್ಟವಾಗಿ ಹೇಳ್ತಾರಪ್ಪಾ ಎಂದು ಡಾಕ್ಟರು ಅವನ ಬೆನ್ನು ತಟ್ಟಿ ಹಚ್ಚಿಕೊಳ್ಳಲು ಮುಲಾಮು ಬರೆದುಕೊಟ್ಟರು. ಮೂರನೇ ತಿಂಗಳಿಗೆ ಅಮ್ಮ ಬಚ್ಚಲಲ್ಲಿ ಬಿದ್ದಳು. ಎಡಭಾಗ ಹೋಯಿತು, ಮಾತೂ ಹೋಯಿತು. ಆಮೇಲೆ ನಾಲ್ಕು ವರ್ಷ, ನೋಡಲು ಬಂದವರಿಗೆಲ್ಲ ಅವನು ಹಾಸಿಗೆಯ ಪಕ್ಕ ನಿಂತು ಹೇಳುತ್ತಿದ್ದ: ನೀವು ಬಂದದ್ದು ಅಮ್ಮನಿಗೆ ಬಹಳ ಸಂತೋಷವಂತೆ, ಮಕ್ಕಳೆಲ್ಲ ಚೆನ್ನಾಗಿದ್ದಾರಾ ಅಂತ ಕೇಳ್ತಿದ್ದಾಳೆ. ಬಂದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಮ್ಮ ಮಾತ್ರ, ಇದನ್ನೆಲ್ಲ ನಾನು ಯಾವಾಗ ಹೇಳಿದೆ ಎಂಬಂತೆ ಅವನ ಮುಖವನ್ನೇ ನೋಡುತ್ತಿದ್ದಳು.

"ಲೈಟ್ ಆರಿಸಿ," ಎಂದಳು ಇನ್ಸ್‌ಪೆಕ್ಟರ್. ಪರದೆಯ ಮೇಲೆ ದಾಳಿಯ ದಿನದ ಫೋಟೊಗಳು ಒಂದೊಂದಾಗಿ ಬಂದವು. ಬೀಗ ಹಾಕಿದ ಕಿಟಕಿ. ಏಳು ಚಾಪೆ. ಬೆಟ್ಟದಂತೆ ರಾಶಿ ಬಿದ್ದ ಬಿಳಿ ಬಟ್ಟೆ. ನಿಜ, ತುಂಬ ಬೆಳ್ಳಗಿತ್ತು. ನೀಲಿ ಬಾಗಿಲು. ಪ್ರತಿ ಸಲವೂ ಈ ಹೊತ್ತಿಗೆ ಅವನು ಚಹಾದ ನೆಪದಲ್ಲಿ ಹೊರಗೆ ಹೋಗಿರುತ್ತಿದ್ದ. ಇವತ್ತು ಕೂತೇ ನೋಡಿದ. ಕೊನೆಗೆ ದೊಡ್ಡ ಒಗೆಯುವ ಯಂತ್ರ ಬಂತು, ಕಬ್ಬಿಣದ ದುಂಡು ಬಾಗಿಲು, ಪಕ್ಕದ ಕೊಳವೆಗೆ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಗ್ಯಾಸ್ ಒಲೆ, ನೀರಿನ ಪಂಪು, ಯಾವುದಕ್ಕಾದರೂ ರಿಪೇರಿಯವರು ಬಂದುಹೋದರೆ ಕಟ್ಟುವಂಥದು. ಫೋಟೊ ತೆಗೆದವನಿಗೆ ಚೀಟಿ ಬೇಕಿರಲಿಲ್ಲ, ಅದು ಅಂಚಿನಲ್ಲಿ ತಾನಾಗಿ ಬಂದು ಸೇರಿತ್ತು. ಅದರ ಮೇಲೆ ಮೆಕ್ಯಾನಿಕ್ಕಿನ ದಪ್ಪ ಅಕ್ಷರ: ಯಂತ್ರ ಕೆಟ್ಟದ್ದು, ಹತ್ತೊಂಬತ್ತು. ಸರಿಮಾಡಿದ್ದು, ಇಪ್ಪತ್ತು. ತಿಂಗಳು ಅದೇ.

ಹತ್ತೊಂಬತ್ತು. ಕತ್ತಲಲ್ಲಿ ದುಭಾಷಿ ಸುತ್ತ ನೋಡಿದ. ಐನೂರು ಜನರ ಕಣ್ಣೂ ಪರದೆಯ ಮೇಲಿತ್ತು. ಯಾರಿಗೂ ಏನೂ ಕಾಣುತ್ತಿರಲಿಲ್ಲ. ಕಾಣಬೇಕಾದರೆ ಅವಳು ಹೇಳಿದ್ದು ಏನೆಂದು ಗೊತ್ತಿರಬೇಕು, ಅದು ಗೊತ್ತಿದ್ದವನು ಇಡೀ ಊರಿನಲ್ಲಿ ಒಬ್ಬನೇ. ಅವಳು ತಾರೀಖನ್ನೇ ಹೇಳಿದ್ದಳು. ಕ್ಯಾಲೆಂಡರಿಗಿಂತ ಸರಿಯಾಗಿ, ಕೋರ್ಟಿಗೂ ಸಾಕಾಗುವಷ್ಟು ನಿಖರವಾಗಿ, ಚೀಟಿಯ ಸಮೇತ. ಪರದೆ ಬದಲಾಯಿತು, ದೀಪ ಹೊತ್ತಿತು, ಚಹಾ ಎಂದು ಯಾರೋ ಕೂಗಿದರು.

ಪಡಸಾಲೆಯಲ್ಲಿ ಸ್ಟೀಲ್ ಡ್ರಮ್ಮಿನ ಮುಂದೆ ಸಾಲು. ಸಾಲಿನ ಆಚೆ, ಗೋಡೆಗೆ ಒರಗಿ, ಆಶ್ರಯಮನೆಯ ಮೇಲ್ವಿಚಾರಕಿಯ ಪಕ್ಕದಲ್ಲಿ ಅವಳು ನಿಂತಿದ್ದಳು. ಮೊದಲು ಗುರುತು ಸಿಕ್ಕಲಿಲ್ಲ. ದಪ್ಪಗಾಗಿದ್ದಳು, ಕೂದಲು ಕತ್ತರಿಸಿದ್ದಳು. ಚಹಾದ ಲೋಟ ಹಿಡಿದ ಕೈಯ ಸುಟ್ಟ ಕಲೆ ಮುಚ್ಚಲು ಅಂಗಿಯ ತೋಳನ್ನು ಬೆರಳುಗಳವರೆಗೆ ಎಳೆದುಕೊಂಡದ್ದು ನೋಡಿ ಗುರುತು ಸಿಕ್ಕಿತು. ಮೇಲ್ವಿಚಾರಕಿ ಅವನನ್ನು ನೋಡಿ ತಲೆಯಾಡಿಸಿದಳು. ಕಾಗದ ಬಂತಾ ಎಂದು ಕೇಳಲಿಲ್ಲ; ಕೇಳಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಇವತ್ತು ಇವಳೂ ಕೂತು ಕೇಳ್ತಾಳಂತೆ. ನಾನು ಕರೆದಿದ್ದಲ್ಲ, ತಾನೇ ಬರ್ತೀನಿ ಅಂದಳು. ಬಾಗಿಲ ಹತ್ತಿರದ ಕುರ್ಚಿ ಬೇಕಂತೆ, ಹೇಳಿದ್ದೀನಿ." ಎಂದು ಸಾಲಿಗೆ ಹೋದಳು.

ದುಭಾಷಿ ಅವಳ ಭಾಷೆಯಲ್ಲಿ ಚೆನ್ನಾಗಿದ್ದೀಯಾ ಎಂದ. ಅವಳು ಇಲ್ಲಿಯ ಭಾಷೆಯಲ್ಲಿ ಉತ್ತರ ಕೊಟ್ಟಳು.

"ಚೆನ್ನಾಗಿದ್ದೀನಿ ಅಣ್ಣಾ. ಈಗ ಮಾತು ಬರುತ್ತೆ. ಓದೋಕೂ ಬರುತ್ತೆ. ಒಂದು ಪುಟಕ್ಕೆ ಒಂದು ಗಂಟೆ."

"ಭೇಷ್! ನಾನು ಏಳು ದಿನದಲ್ಲಿ..." ಎಂದು ಶುರುಮಾಡಿದವನು ಅಲ್ಲೇ ನಿಲ್ಲಿಸಿದ.

"ಮೇಡಂ ಹತ್ತಿರ ಕೇಳಿ ನನ್ನ ಹೇಳಿಕೆ ಓದಿದೆ. ಹನ್ನೊಂದು ಪುಟ, ದಿನಕ್ಕೊಂದು. ಹನ್ನೊಂದು ದಿನ ಹಿಡೀತು." ಅವಳು ಚಹಾ ಊದಿದಳು, ಕುಡಿಯಲಿಲ್ಲ. "ಅಣ್ಣಾ, ಅವಳು ಯಾರು?"

"ಯಾರು?"

"ಅದರಲ್ಲಿ ಇರೋಳು. ಎಷ್ಟು ಚೆನ್ನಾಗಿ ಮಾತಾಡ್ತಾಳೆ! ಒಂದಾದ ಮೇಲೆ ಒಂದು. ವಿನಂತಿಸಿಕೊಂಡೆನು ಅಂತೆ. ಆ ಪದಕ್ಕೆ ಅರ್ಥ ಕೇಳಿ ತಿಳ್ಕೊಂಡೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಅದಕ್ಕೆ ಹತ್ತು ಉತ್ತರ ಕೊಡುತ್ತಿದ್ದ. "ನಾನು ವಿನಂತಿ ಮಾಡಲಿಲ್ಲ ಅಣ್ಣಾ. ಕೂಗಿದೆ. ನನಗೂ ಅವಳ ಹಾಗೆ ಮಾತಾಡೋಕೆ ಬಂದಿದ್ದರೆ, ಅವನು ಕಾಗದ ಕೊಡ್ತಿದ್ದನೇನೋ."

ಅಣ್ಣ ಎಂದು ಈಗಲೂ ಕರೆಯುತ್ತಿದ್ದಳು. ಅವನು ಏನಾದರೂ ತಮಾಷೆ ಹೇಳಲು ಬಾಯಿ ತೆರೆದ. ಬದಲಿಗೆ ಸಾಲಿನಿಂದ ಯಾರೋ ಚಾಚಿದ ಲೋಟ ತೆಗೆದುಕೊಂಡು ಅವಸರದಲ್ಲಿ ಬಾಯಿಗೆತ್ತಿದ. ಲೋಟದ ಚಹಾ ಅಂಗಿಯ ಮೇಲೆ ಚೆಲ್ಲಿತು, ಇಸ್ತ್ರಿಯ ಗೆರೆಯ ಮೇಲೆ ಸರಿಯಾಗಿ.

ಚಹಾ ಮುಗಿದಮೇಲೆ ಅವನ ಸರದಿ. ದುಭಾಷಿಯೊಡನೆ ಕೆಲಸ ಮಾಡುವುದು ಹೇಗೆ ಎಂಬ ವಿಷಯ, ನಲವತ್ತು ನಿಮಿಷ. ಅವನು ಮುಂದೆ ಹೋಗಿ ನಿಂತ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವಳು, ಕಾಲು ಸಮವಿರುವ ಕುರ್ಚಿ. ಇನ್ಸ್‌ಪೆಕ್ಟರ್ ತಾನೇ ಅಲುಗಾಡಿಸಿ ನೋಡಿ ಹಾಕಿಸಿದ್ದಳು. ಬಾಯಿ ತನ್ನಷ್ಟಕ್ಕೆ ಓಡತೊಡಗಿತು, ರೂಢಿಬಿದ್ದ ಕತ್ತೆ ದಾರಿ ಹಿಡಿದಂತೆ. ಮಿತ್ರರೇ, ಈ ನಾಲಿಗೆಯಲ್ಲಿ ಎಂಟು ಸಾವಿರ ಹೇಳಿಕೆಗಳು ಹಾದುಹೋಗಿವೆ. ದುಭಾಷಿ ಎಂದರೆ ಗಾಜು. ಆಚೆಯದು ಈಚೆ ಕಾಣಬೇಕು, ಗಾಜು ಕಾಣಬಾರದು. ಒಮ್ಮೆ ತುಂಬಿದ ನ್ಯಾಯಾಲಯದಲ್ಲಿ ಮಾತೇ ಬಾರದ ಮುದುಕನೊಬ್ಬ... ಜನ ನಗಲು ಸಿದ್ಧರಾಗುತ್ತಿದ್ದರು. ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿ ಹಣೆ ಒತ್ತಿಕೊಳ್ಳುತ್ತಿದ್ದಳು. ಮೇಜಿನಡಿ ಊದಿದ ಪಾದ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ಎರಡು ವರ್ಷ ಅವಳು ಈ ಮೇಜಿನ ಹಿಂದೆ ಕೂತು ತಪ್ಪು ನಂದು ಎಂದಿದ್ದಳು. ಅವನು ಕೊನೆಯ ಸಾಲಿನಲ್ಲಿ ಕೂತು, ಹೋಗಲಿ ಬಿಡಿ ಮೇಡಂ ಎಂದು ಸಮಾಧಾನ ಬೇರೆ ಹೇಳಿದ್ದ.

ಸಬ್‌ಇನ್ಸ್‌ಪೆಕ್ಟರ್ ಕೈ ಎತ್ತಿದ. "ಸಾರ್, ಒಂದು ಸಂದೇಹ. ಅವರು ಏನೋ ಅಸಂಬದ್ಧ ಹೇಳ್ತಾರೆ ಅಂತಿಟ್ಕೊಳ್ಳಿ. ತಲೆಬುಡ ಇಲ್ಲದ್ದು. ಅದನ್ನೂ ಹಾಗೇ ಹೇಳಬೇಕಾ, ಸ್ವಲ್ಪ ಸರಿಮಾಡಿ ಹೇಳಬಹುದಾ?"

ಎಳೆ ಮೀಸೆಯವನಿಗೆ ಅದು ಬರೀ ಸಂದೇಹ. ದುಭಾಷಿ ಬಾಗಿಲ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಆ ನೋಟ ಅವನಿಗೆ ಹೊಸದಲ್ಲ. ಮುಲಾಮಿನ ವಾಸನೆಯ ಕೋಣೆಯಲ್ಲಿ, ಹಾಸಿಗೆಯಿಂದ, ನಾಲ್ಕು ವರ್ಷ ಅದು ಅವನ ಮೇಲಿತ್ತು. ಆ ನೋಟವನ್ನು ಅವನು ಒಬ್ಬ ಮುದುಕನಿಗೆ ಕೊಟ್ಟು, ನ್ಯಾಯಾಲಯ ಕಟ್ಟಿ, ಜನರನ್ನು ನಗಿಸಿ ಬದುಕಿಕೊಂಡಿದ್ದ.

"ಮೇಡಂ," ಎಂದ ಅವನು. "ಆ ಯಂತ್ರದ ಫೋಟೊ ಇನ್ನೊಂದು ಸಲ ಹಾಕ್ತೀರಾ?"

"ಯಾಕ್ರೀ?"

"ಹಾಕಿ."

ಯಂತ್ರ ಪರದೆಗೆ ಬಂತು. ಅವನು ಹತ್ತಿರ ಹೋಗಿ ಅಂಚಿನ ಚೀಟಿಯ ಮೇಲೆ ಬೆರಳಿಟ್ಟ. ಬೆರಳ ನೆರಳು ಚೀಟಿಯನ್ನೇ ಮುಚ್ಚಿತು, ಕೈ ತೆಗೆದು ಪಕ್ಕಕ್ಕೆ ನಿಂತ. ಇದು ಅವಳು ಹೇಳಿದ ತಾರೀಖು, ಎಂದ. ಸಭೆಗೆ ಅರ್ಥವಾಗಲಿಲ್ಲ. ಇನ್ಸ್‌ಪೆಕ್ಟರ್ ಚೀಟಿ ಓದಿದಳು, ಅವನ ಮುಖ ನೋಡಿದಳು, ಮತ್ತೆ ಚೀಟಿ ಓದಿದಳು. ಅವಳಿಗೆ ಅರ್ಥವಾದದ್ದು ಅವಳ ಭುಜಗಳಲ್ಲಿ ಗೊತ್ತಾಯಿತು, ಯಾರೋ ಹಿಂದಿನಿಂದ ಒಂದು ಮೂಟೆ ಇಳಿಸಿ ಅಲ್ಲೇ ಅವಳ ಕಾಲಿನ ಮೇಲೆ ಹಾಕಿದಂತೆ.

"ನೀವು ಹನ್ನೆರಡು ಅಂದ್ರಿ," ಎಂದಳು ಮೆಲ್ಲಗೆ. "ಅವಳು ಹೇಳಿದಳು ಅಂದ್ರಿ. ನಾನು ಎರಡು ವರ್ಷ..." ಬೈದಿದ್ದರೆ ಚೆನ್ನಾಗಿತ್ತು. ಬಗ್ಗಿ ಮೇಜಿನಡಿಯಿಂದ ಬೂಟು ಎಳೆದು, ಊದಿದ ಪಾದವನ್ನು ಒಂದೊಂದಾಗಿ ಅದರೊಳಗೆ ತುರುಕಿ, ದಾರ ಕಟ್ಟಿದಳು. ಕಟ್ಟುವಾಗ ಮುಖ ಹಿಂಡಿಕೊಂಡಿತು. ಆಮೇಲೆ ಚೀಲದಿಂದ ಧ್ವನಿ ಮುದ್ರಿಸುವ ಯಂತ್ರ ತೆಗೆದು ಮೇಜಿನ ಮೇಲಿಟ್ಟಳು. ಆ ಕೇಸಿನ ನಂತರ ಅದಿಲ್ಲದೆ ಅವಳು ಯಾರನ್ನೂ ಮಾತಾಡಿಸಿದವಳಲ್ಲ. ಕೆಂಪು ದೀಪ ಹೊತ್ತಿತು.

"ಇಲ್ಲೇ ಹೇಳ್ತೀರೋ, ಒಳಗೆ ಕೂತು ಹೇಳ್ತೀರೋ?"

"ಇಲ್ಲೇ. ಅವಳಿಗೂ ಕೇಳಲಿ." ಅವನು ಕುರ್ಚಿಯೆಳೆದು ಕೂತ. ಈಗ ನೋಡಿದರೆ ಸಭಾಂಗಣ ಬಹಳ ಚಿಕ್ಕದಾಗಿತ್ತು. ಹದಿನೇಳು ಜನ ಇದ್ದರು. ಮೆಟ್ಟಿಲೂ ಇಪ್ಪತ್ತೆರಡೇ, ಇಷ್ಟು ವರ್ಷ ಹತ್ತಿದವನಿಗೆ ಗೊತ್ತಿರದೆ ಏನು?

"ಉದ್ಯೋಗ?"

"ದುಭಾಷಿ. ಸೋಮವಾರದವರೆಗೆ."

"ಬರುವ ಭಾಷೆಗಳು?"

ಯಾರೋ ನಗಲು ತಯಾರಾಗಿ ಕೆಮ್ಮಿದರು. ಅವನು ಜೇಬಿನ ಮೇಲೆ ಕೈಯಿಟ್ಟ, ಎರಡು ಮಡಿಕೆಯ ಕಾಗದದ ಮೇಲೆ. ಓದಿಯೂ ಓದಿಲ್ಲವೆಂದು ಗುಂಡಿ ಹಾಕಿ ಕಳಿಸಿದ್ದಳು ಹೆಂಡತಿ. ಹತ್ತರಿಂದ ಭಾಗಿಸಿದರೂ ಅವಳ ಲೆಕ್ಕದಲ್ಲಿ ಎರಡು ಹೆಚ್ಚೇ ಇತ್ತು.

"ಎರಡು. ಇಲ್ಲಿಯದು, ಅಮ್ಮನದು."

"ಆವತ್ತು ಸಾಕ್ಷಿ ತಾರೀಖಿನ ಬಗ್ಗೆ ಏನು ಹೇಳಿದರು? ಅವರು ಹೇಳಿದ್ದು ಮಾತ್ರ ಹೇಳಿ."

"ತಾರೀಖು ಅವಳು ಹೇಳಲಿಲ್ಲ. ಹನ್ನೆರಡು ಗೋಡೆ ಮೇಲಿತ್ತು, ಅದನ್ನ ನಾನು ತೆಗೆದು ಅವಳ ಬಾಯಿಗೆ ಇಟ್ಟೆ. ಅವಳು ಹೇಳಿದ್ದು, ದೊಡ್ಡ ಯಂತ್ರ ನಿಂತಿತ್ತು. ದೊಡ್ಡ ಯಂತ್ರ ನಿಂತಿತ್ತು, ಅದಕ್ಕೇ ನನ್ನ ಕೂಗು ನನಗೇ ಕೇಳಿಸ್ತು ಅಂತ. ಒಂದಲ್ಲ ಎರಡಲ್ಲ, ನೂರು ಸಲ ಹೇಳಿದಳು."

ಬಾಗಿಲ ಹತ್ತಿರ ಕುರ್ಚಿ ಸದ್ದುಮಾಡಿತು. ಅವನು ತಲೆ ಎತ್ತಲಿಲ್ಲ.

"ನೂರಲ್ಲ," ಎಂದ. "ಮೂರು ಸಲ. ನಾನು ಒಂದು ಸಲವೂ ಹೇಳಲಿಲ್ಲ."